ಬರೇ ಪ್ರೂಫ್ ಅಷ್ಟ ಐತ್ರಿ ಸರ

ನಿನ್ನೆ ಬೆಳಗಾವಿಯಲ್ಲಿ ಒಂದು ಪುಸ್ತಕ ಬಿಡುಗಡೆ ಇತ್ತು. ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಆಗಿ ಲೇಖಕರು ಮಾತಿಗೆ ನಿಂತರು. ಮುನ್ನುಡಿಯವರಿಗೆ, ಬೆನ್ನುಡಿಯವರಿಗೆ, ಮುಖಪುಟದ ಕಲಾವಿದರಿಗೆ, ಮುದ್ರಕರಿಗೆ, ಮೈಕಿನವರಿಗೆ, ಉಪ್ಪಿಟ್ಟು ಮಾಡಿಸಿದವರಿಗೆ ಹೆಸರು ಹಿಡಿದು ವಂದನೆ ಹೇಳಿದರು. ಇಳಿಯೋ ಮುಂದ ನೆನಪಾಯಿತು: “ಹಾಂ, ಪ್ರೂಫ್ ನೋಡಿದವರಿಗೂ.” (ಅಚ್ಚಿಗೆ ಹೋಗುವ ಮೊದಲು ಪುಟದಲ್ಲಿ ತಪ್ಪು ಹುಡುಕುವ ಆ ಕೆಲಸವೇ ನನ್ನ ಕಸುಬು, ಆದರೆ ಈ ಪುಸ್ತಕದ ಪ್ರೂಫ್ ನೋಡಿದವ ನಾನಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಾಂದರೆ ಕೆಲವರು ಫೋನ್ ಮಾಡಿ ಸಮಾಧಾನ ಹೇಳಲು ಶುರು ಮಾಡುತ್ತಾರೆ.)

ಪ್ರತಿ ಕೈಗೆ ಬಂತು. ನಡುವೆ ಎಲ್ಲೋ ತೆರೆದೆ. ಪುಟದ ತಲೆಗೆ ‘ಕೂಡಲಸಂಗಮದೇವಾ’ ಅಂತ ಒಂದೇ ಸಾಲು. ವಚನವೆಲ್ಲ ಹಿಂದಿನ ಪುಟದಲ್ಲಿ ಉಳಿದಿದೆ, ಅಂಕಿತ ಮಾತ್ರ ಇತ್ತ ಬಂದಿದೆ. ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಹೊಸ ಉಪಶೀರ್ಷಿಕೆ: ಇಳಕಲ್ ಸೀರೆಯ ಮಾರುಕಟ್ಟೆ ಸಮಸ್ಯೆಗಳು. ನೇಕಾರರು ನೇರ ದೇವರಿಗೇ ಅರ್ಜಿ ಬರೆದ ಹಾಗಿತ್ತು.

ಹೀಗೆ ಪುಟದ ತಲೆಗೆ ಒಂಟಿಯಾಗಿ ಬಿದ್ದ ಸಾಲಿಗೆ ಪುಟ ಕಟ್ಟುವವರು ವಿಡೋ ಅಂತಾರೆ. ಪ್ಯಾರಾದ ಮೊದಲ ಸಾಲೊಂದೇ ಪುಟದ ಬುಡದಲ್ಲಿ ಉಳಿದರೆ ಆರ್ಫನ್. ಇದನ್ನು ತಡೆಯಲಿಕ್ಕೆ ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಸೆಟ್ಟಿಂಗೇ ಇದೆ. ಆದರೆ ನನ್ನ ಪಕ್ಕ ಕೂತಿದ್ದ ಮಾಸ್ತರರು ಅದನ್ನು ನೋಡಿ ಅಂದದ್ದೇನು? “ಪ್ರೂಫ್ ಸರಿ ನೋಡಿಲ್ಲ ಬಿಡ್ರಿ.”

ಅಲ್ಲಿಗೆ ನನ್ನ ತಲೆ ಕೆಟ್ಟಿತು.

ನಮ್ಮಲ್ಲಿ ಎಲ್ಲವೂ ಪ್ರೂಫೇ. ಕಾಗುಣಿತ ತಪ್ಪಿದರೆ ಪ್ರೂಫ್, ಇಸವಿ ತಪ್ಪಿದರೆ ಪ್ರೂಫ್, ಒಂದೇ ಪ್ಯಾರಾ ಎರಡು ಸಲ ಬಂದರೆ ಪ್ರೂಫ್, ಸಾಲಿಗೆ ಸಾಲು ಹತ್ತಿಕೊಂಡರೂ ಪ್ರೂಫ್. ಬರೆದವನದೊಂದು ತಪ್ಪು, ಟೈಪ್ ಮಾಡಿದವನದೊಂದು, ಪುಟ ಕಟ್ಟಿದವನದೊಂದು. ಬೈಸಿಕೊಳ್ಳುವವ ಮಾತ್ರ ಒಬ್ಬನೇ. ನನ್ನ ಕಸುಬು ಗೊತ್ತಿದ್ದವರಿಗೆ ನನಗೇಕೆ ಉರಿಯುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನನಗೆ ಬರುವ ಫೋನು ಹೀಗಿರುತ್ತದೆ: “ಸರ, ಡಿಟಿಪಿ ಆಗೇತಿ, ಸೆಟ್ಟಿಂಗ್ ಆಗೇತಿ, ಕವರ್ ಪೇಜ್ ಸೈತ ಫೈನಲ್ ಆಗೇತಿ. ಬರೇ ಪ್ರೂಫ್ ಅಷ್ಟ ಐತ್ರಿ. ಸೋಮವಾರ ಪ್ರೆಸ್ಸಿಗೆ ಕೊಡಬೇಕು, ಅಜ್ಜಾರ ಡೇಟ್ ತಗೊಂಡೀವಿ.” (ಅಜ್ಜಾರು ಅಂದರೆ ಬಿಡುಗಡೆಗೆ ಬರುವ ಮಠದ ಸ್ವಾಮಿಗಳು.) ಈ ಫೋನು ಬರುವುದು ಶುಕ್ರವಾರ ಸಂಜೆ.

ಬರೇ ಪ್ರೂಫ್ ಅಂದರೆ ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಿದ್ದದ್ದು ಇಲ್ಲಿ ಹಾಗೇ ಬಂದಿದೆಯೇ ಅಂತ ನೋಡುವುದು. ಬೆಳಗಾವಿ ಕಾಂಗ್ರೆಸ್ ಅಧಿವೇಶನ 1942 ಅಂತ ಮೂಲದಲ್ಲೂ ಇದ್ದು ಪುಟದಲ್ಲೂ ಇದ್ದರೆ, ಪ್ರೂಫಿನ ಲೆಕ್ಕಕ್ಕೆ ಅದು ಸರಿ. ಅಲ್ಲರೀ, ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಅಂಕಿ ತಿರುವುಮುರುವಾಗಿದೆ ಅಂತ ಹಿಡಿಯುವುದು ಕಾಪಿ ಎಡಿಟಿಂಗ್, ಅಂದರೆ ಪ್ರತಿ ತಿದ್ದುವುದು. ಅದು ಪುಟ ಕಟ್ಟುವ ಮೊದಲು, ವರ್ಡ್ ಫೈಲಿನಲ್ಲಿ ಆಗಬೇಕಾದ ಕೆಲಸ.

ಈಚೆಗೆ ಒಂದು ಪಿಡಿಎಫ್ ಬಂತು, ನಮ್ಮ ಕಡೆಯ ಸ್ಥಳೀಯ ಇತಿಹಾಸ. ಮೊದಲ ಅಧ್ಯಾಯದಲ್ಲಿ ಬಿಜಾಪುರ, ಎರಡರಲ್ಲಿ ವಿಜಾಪುರ, ಮೂರರಲ್ಲಿ ವಿಜಯಪುರ. ಹೊರಗಿನವ ಓದಿದರೆ ಮೂರು ಊರು ಅಂದುಕೊಳ್ಳಬೇಕು. ಸರ್ಕಾರಿ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಮಾತು ಬಂದಾಗ ಯಾವ ರೂಪ ಇಡಬೇಕು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಗಿಯಿತು. ಅದಕ್ಕೇ ಸ್ಟೈಲ್ ಶೀಟ್ ಅನ್ನುವುದು. ಕೇಳಿದರೆ ಲೇಖಕರು “ಅದೇನ್ರಿ ಅದು?” ಅಂದರು. ಅದೇ ಪುಸ್ತಕದಲ್ಲಿ 1960ರ ದಶಕದ ‘ಬಾಗಲಕೋಟೆ ಜಿಲ್ಲಾಧಿಕಾರಿ’ಯೊಬ್ಬರು ಬರುತ್ತಾರೆ. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ! ಇನ್ನೊಂದು ಕಡೆ, ‘ಮಳೆಯಿಲ್ಲದೆ ಬಿಳಿಜೋಳದ ಬೆಲೆ ಒಣಗಿತ್ತು’. ಬೆಲೆ ಅನ್ನುವ ಶಬ್ದವೇನೋ ಸರಿಯಾಗೇ ಇದೆ, ಹೀಗಾಗಿ ಸ್ಪೆಲ್ ಚೆಕ್ ಅದನ್ನು ಮುಟ್ಟಿಲ್ಲ.

ಇನ್ನು ಸೊನ್ನೆಯ ಕತೆ. ‘ಸಂಘ’ ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದಾರೆ, ‘ಧರ್ಮ’ದ ಅರ್ಕಾವತ್ತಿನ ಜಾಗಕ್ಕೆ ಅಂಕಿ ಒಂಬತ್ತು. ಕಣ್ಣಿಗೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಫೈಲಿನಲ್ಲಿ ‘ಸಂಘ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದ ಫೈಲಾಗಿದ್ದರಂತೂ ಒತ್ತಕ್ಷರಗಳ ಗತಿ ಕೇಳಲೇಬೇಡಿ.

ಇದನ್ನೆಲ್ಲ ಪುಟ ಕಟ್ಟಿದ ಮೇಲೆ ತಿದ್ದಿದರೆ ಏನಾಗುತ್ತದೆ? ಫಾರಂ ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆ, 16 ಪುಟ. ಹತ್ತು ಫಾರಂಗೆ, ಅಂದರೆ 160 ಪುಟಕ್ಕೆ ಅಚ್ಚುಕಟ್ಟಾಗಿ ಕೂತಿದ್ದ ಪುಸ್ತಕ 163ಕ್ಕೆ ಹೋಗುತ್ತದೆ. ಮೂರು ಪುಟಕ್ಕಾಗಿ ಪ್ರೆಸ್ಸಿನವರು ಮತ್ತೆ ಕಾಗದ ಹಾಕುವುದಿಲ್ಲ. ಆಗ ಆಪರೇಟರ್ ಲೆಡಿಂಗ್, ಅಂದರೆ ಸಾಲಿನಿಂದ ಸಾಲಿನ ಅಂತರ, ಇಳಿಸುತ್ತಾನೆ. ಇಂಗ್ಲಿಷಿಗಾದರೆ ಹೇಗೋ ನಡೆದೀತು, ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ, ಗುಡಿಸು, ಏತ್ವಗಳು ಮೇಲೆ ಏರುತ್ತವೆ. 12 ಪಾಯಿಂಟ್ ಅಕ್ಷರಕ್ಕೆ 18 ಇದ್ದದ್ದನ್ನು 14ಕ್ಕೆ ತಂದರೆ ‘ರಾಷ್ಟ್ರ’ದ ಬಾಲ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಪರಿವಿಡಿಯಲ್ಲಿ ಹಳೆಯ ಪುಟಸಂಖ್ಯೆಯೇ ಉಳಿಯುತ್ತದೆ. ಅಂಕಿತ ಮುಂದಿನ ಪುಟಕ್ಕೆ ಜಿಗಿಯುತ್ತದೆ. ಆಮೇಲೆ ಎಲ್ಲರೂ ಸೇರಿ ಒಂದೇ ರಾಗ: ಪ್ರೂಫ್ ಸರಿ ನೋಡಿಲ್ಲ.

ಸೀಸದ ಅಕ್ಷರ ಮೊಳೆಗಳನ್ನು ಜೋಡಿಸುವ ಕಾಲದಲ್ಲಿ ಮೊದಲು ಗ್ಯಾಲಿ ಪ್ರೂಫ್ ಬರುತ್ತಿತ್ತು. ಪುಟ ಮಾಡದೆ, ಜೋಡಿಸಿದ ಸಾಲುಗಳನ್ನು ಉದ್ದನೆಯ ತಟ್ಟೆಯಲ್ಲಿಟ್ಟು ತೆಗೆದ ನೀಳ ಹಾಳೆ. ಗುದ್ದಾಡುವುದಿದ್ದರೆ ಅದರ ಮೇಲೆ ಗುದ್ದಾಡಬೇಕು. ಅದು ತಿದ್ದಿ ಮುಗಿದ ಮೇಲೆ ಪುಟ ಕಟ್ಟುವುದು, ಪೇಜ್ ಪ್ರೂಫ್ ತೆಗೆಯುವುದು. ಕಟ್ಟಿದ ಪುಟದಲ್ಲಿ ಒಂದು ಸಾಲು ಸೇರಿಸಿ ಅಂದರೆ ಸೀಸದ ಮೊಳೆಗಳನ್ನು ಕೈಯಿಂದಲೇ ಪುಟದಿಂದ ಪುಟಕ್ಕೆ ಸರಿಸಬೇಕಿತ್ತು, ಹಾಗಾಗಿ ಮೊಳೆ ಜೋಡಿಸುವ ಕಂಪೋಜಿಟರ್ ಎದುರು ಆ ಮಾತು ಎತ್ತಲು ಲೇಖಕರೂ ಹೆದರುತ್ತಿದ್ದರು. ಕಂಪ್ಯೂಟರ್ ಬಂದು ಸರಿಸುವುದು ಸುಲಭವಾಯಿತು. ಗ್ಯಾಲಿ ಹೋಯಿತು, ಹೆದರಿಕೆಯೂ ಹೋಯಿತು.

ಇದೇ ನೆಲದ ಫ.ಗು. ಹಳಕಟ್ಟಿಯವರನ್ನು ನೋಡಿ. ವಿಜಾಪುರದ ವಕೀಲರು. ವಚನಗಳ ಓಲೆಗರಿ ಹುಡುಕಿ, ಕೂಡಿಸಿ, ಓದಿ, ಆರಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದದ್ದು 1923ರಲ್ಲಿ, ಅದು ಅಚ್ಚಾದದ್ದು ಇದೇ ಬೆಳಗಾವಿಯಲ್ಲಿ. ಮುಂದೆ ವಿಜಾಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಓದಿ ಅಣಿ ಮಾಡುವುದು ಮೊದಲು, ಅಚ್ಚು ಆಮೇಲೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜುಲೈ 2ಕ್ಕೆ, ಅವರ ಹುಟ್ಟಿದ ದಿನ, ಅವರ ಫೋಟೋಕ್ಕೆ ಹಾರ ಹಾಕುವ ನಾವು ವಚನ ಒಂದು ಪುಟ, ಅಂಕಿತ ಒಂದು ಪುಟ ಮಾಡಿ ಕೈತೊಳೆದುಕೊಳ್ಳುತ್ತೇವೆ.

“ಸಣ್ಣ ಪ್ರಕಾಶಕರು ಎಲ್ಲಿಂದ ರೊಕ್ಕ ತರಬೇಕ್ರಿ? ಗ್ರಂಥಾಲಯ ಇಲಾಖೆಯ ಖರೀದಿ ನಂಬಿಕೊಂಡು ಪುಸ್ತಕ ಹಾಕೋದು” ಅಂತ ಕೇಳುವವರಿದ್ದಾರೆ. ಖರೆ ಐತಿ, ಅವರ ಕಷ್ಟ ನನಗೂ ಗೊತ್ತು. ಆದರೆ ಮುಖಪುಟಕ್ಕೆ ನಾಲ್ಕು ಬಣ್ಣ, ಮೇಲೆ ಲ್ಯಾಮಿನೇಶನ್, ಸರ್ಕಲ್ಲಿನಲ್ಲಿ ಲೇಖಕರ ಫ್ಲೆಕ್ಸ್, ವೇದಿಕೆಯ ಮೇಲೆ ಕೂತ ಅಷ್ಟೂ ಜನರಿಗೆ ಶಾಲು, ಪೇಟ ಇವಕ್ಕೆಲ್ಲ ರೊಕ್ಕ ಹುಟ್ಟುತ್ತದೆ. ಒಳಗಿನ ಅಕ್ಷರಕ್ಕೆ ಬಂದಾಗ ಮಾತ್ರ “ಪುಟಕ್ಕ ಎಷ್ಟ್ ತಗೋತೀರಿ? ಸ್ವಲ್ಪ ನೋಡಿ ಹೇಳ್ರಿ.”

ಯಾವುದೇ ಪುಸ್ತಕದ ಇಂಪ್ರಿಂಟ್ ಪುಟ ತೆರೆದು ನೋಡಿ. ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ, ಆಕಾರ ಡೆಮ್ಮಿ 1/8, ಪ್ರತಿಗಳು, ಬೆಲೆ, ಅಕ್ಷರ ಜೋಡಣೆ ಯಾರದು, ಮುಖಪುಟ ಯಾರದು, ಎಲ್ಲ ಇರುತ್ತದೆ. ಕಾಗದದ ತೂಕ ಕೂಡ ಓದುಗನಿಗೆ ತಿಳಿಯಬೇಕು, ಆದರೆ ಪ್ರತಿ ತಿದ್ದಿದವನ ಹೆಸರು ಬೇಡ.

ಹೌದು, ನನಗೆ ಹೆಸರಿನ ಆಸೆ ಇದೆ. ನಾನು ತಿದ್ದಿದ ಪುಸ್ತಕ ಕೈಗೆ ಬಂದಾಗ ಮೊದಲು ತಿರುಗಿಸುವುದು ಆ ಪುಟವನ್ನೇ. ಇಷ್ಟು ವಯಸ್ಸಾದ ಮೇಲೂ ಹೋಗಿಲ್ಲ ಆ ಚಟ. ನಕ್ಕರೆ ನಗಿ.

ಇರಲಿ. ಇನ್ನು ಮೇಲೆ ನನ್ನ ಹತ್ತಿರ ಬರುವವರು ವರ್ಡ್ ಫೈಲ್ ತನ್ನಿ, ಪಿಡಿಎಫ್ ಬೇಡ. ಪುಟ ಕಟ್ಟಿಸಬೇಡಿ, ಕವರ್ ಮಾಡಿಸಬೇಡಿ, ಅಜ್ಜಾರ ಡೇಟಂತೂ ತಗೊಳ್ಳಲೇಬೇಡಿ. ಪ್ರತಿ ತಿದ್ದುವುದಕ್ಕೆ ಒಂದು ರೇಟು, ಪುಟ ಆದ ಮೇಲೆ ಪ್ರೂಫ್ ನೋಡುವುದಕ್ಕೆ ಬೇರೆ ರೇಟು. ಒಂದು ಅಧ್ಯಾಯ ಓದಿದ ಮೇಲೆ ಹೇಳುತ್ತೇನೆ, ಚೌಕಾಸಿ ಇಲ್ಲ. ಗೆಳೆಯರಾದರೆ ಅರ್ಧ ಮುಂಗಡ.