ಮರಡಿಹಳ್ಳಿ ಬಿಟ್ಟು ಫ್ಯೂಜಿಗೆ ಹೋದ ಮೇಷ್ಟ್ರು

ಹೋದ ವಾರ ಹಿರಿಯೂರು ಕಡೆಯ ಹೈಸ್ಕೂಲೊಂದಕ್ಕೆ ಹೊಸದಾಗಿ ಬಂದಿರುವ ಮೇಡಂ ಒಬ್ಬರು ಫೋನ್ ಮಾಡಿದ್ದರು. "ಸಾರ್, ಎಂಟನೇ ಕ್ಲಾಸಿಗೆ ಜ್ವಾಲಾಮುಖಿ ಪಾಠ ಮಾಡ್ಬೇಕು. ನಿಮ್ಮ ಹತ್ರ ಒಳ್ಳೇ ಪಿಪಿಟಿ ಇದ್ರೆ ಕಳಿಸ್ತೀರಾ? ವಿಡಿಯೋ ಆದ್ರೂ ಪರವಾಗಿಲ್ಲ. ಕನ್ನಡದಲ್ಲಿ ಹುಡುಕಿದ್ರೆ ಏನೂ ಸಿಗ್ತಿಲ್ಲ."

ಇತ್ತು. ಕಳಿಸಿದೆ. ಕಳಿಸಿದ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಆ ಪಿಪಿಟಿ ನಾನೇ ಹತ್ತು ವರ್ಷದ ಹಿಂದೆ ಮಾಡಿದ್ದು. ಅದರಲ್ಲಿ ಜಪಾನಿನ ಫ್ಯೂಜಿ ಇದೆ, ಇಟಲಿಯ ವೆಸೂವಿಯಸ್ ಇದೆ, ಹವಾಯಿಯಲ್ಲಿ ಕೆಂಡದ ಹೊಳೆ ಹರಿಯುವ ವಿಡಿಯೋ ಇದೆ. ಮೊದಲ ಸಲ ತೋರಿಸಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ್ದರು. ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತ. "ಸಾರ್, ನಮ್ ದುರ್ಗದಾಗೆ ಜ್ವಾಲಾಮುಖಿ ಇತ್ತಾ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. "ಇಲ್ಲಪ್ಪ, ನಮ್ಮ ಕಡೆ ಅವೆಲ್ಲ ಇಲ್ಲ, ಕೂತ್ಕೋ" ಅಂದೆ.

ಅವನು "ಐತಾ" ಅಂತ ಕೇಳಲಿಲ್ಲ, "ಇತ್ತಾ" ಅಂತ ಕೇಳಿದ್ದ. ಅದು ನನ್ನ ಕಿವಿಗೆ ಬೀಳಲೇ ಇಲ್ಲ.

ಎರಡು ವರ್ಷ ಆದಮೇಲೆ ಐಮಂಗಲದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಊಟ ಜಾಸ್ತಿಯಾಗಿತ್ತು. ನೆಂಟರ ಬೈಕ್ ಹತ್ತಿ ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂತ ಹೊರಟರೆ ಮರಡಿಹಳ್ಳಿ ಹತ್ತಿರ ಒಂದು ಬೋರ್ಡು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಂತೆ. ಅಲ್ಲಿದ್ದದ್ದು ಪಿಲ್ಲೋ ಲಾವಾ, ಅಂದರೆ ದಿಂಬಿನಂಥ ಲಾವಾ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿ, ಅಲ್ಲೇ ಗಟ್ಟಿಯಾದ ಬಂಡೆ. ನಾನು ತಿಂಗಳಿಗೆರಡು ಸಲ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಾ ಹೋಗುತ್ತಿದ್ದ ಹೈವೇಯಿಂದ ಸ್ವಲ್ಪ ಒಳಗೆ! ಬಂಡೆಯ ಮುಂದೆ ನಿಂತಾಗ ಆ ಹುಡುಗನ ಮುಖ ಕಣ್ಣೆದುರು ಬಂತು. ಅಷ್ಟರಲ್ಲಿ ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದ.

ಮುಂದಿನ ವರ್ಷ ಎಂಟನೇ ಕ್ಲಾಸಿನವರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಟೆಂಪೋ ಬಾಡಿಗೆಗೆ ಎಸ್‌ಡಿಎಂಸಿ ಅಧ್ಯಕ್ಷರು ಅರ್ಧ ಕೊಟ್ಟರು. ಮಕ್ಕಳು ಮೊದಲು ಹತ್ತು ನಿಮಿಷ ಬಂಡೆ ಹತ್ತಿ ಇಳಿದು ಫೋಟೋ ತೆಗೆಸಿಕೊಂಡರು, ಇರಲಿ. ಆಮೇಲೆ ಒಬ್ಬಳು ಬಂಡೆಯ ಉಬ್ಬುಗಳನ್ನು ಕೈಯಲ್ಲಿ ಸವರುತ್ತಾ, "ಮುದ್ದೆ ಸಾಲಾಗಿ ಇಟ್ಟಂಗೆ ಐತೆ ಸಾರ್" ಅಂದಳು. ಹೌದಲ್ವಾ! ದಿಂಬು ಅಂತ ಹೆಸರಿಟ್ಟವರು ನಮ್ಮ ಕಡೆ ಊಟ ಮಾಡಿರಲಿಲ್ಲ ಅಷ್ಟೇ. ಅಲ್ಲಿಂದ ಪಾಠ ತಾನಾಗಿಯೇ ನಡೆಯಿತು. ತಟ್ಟೆಗೆ ಹಾಕಿದ ಮುದ್ದೆ ಗಾಳಿಗೆ ಆರಿದರೆ ಮೇಲೆ ತೆಳ್ಳಗೆ ಸಿಪ್ಪೆ ಕಟ್ಟುತ್ತೆ, ಒಳಗಿನ ಬಿಸಿ ಹಾಗೇ ಇರುತ್ತೆ. ಬಿಸಿ ಲಾವಾ ತಣ್ಣೀರಿಗೆ ಬಿದ್ದಾಗ ಹೊರಗಿನ ಪದರ ತಕ್ಷಣ ಗಟ್ಟಿಯಾಗುತ್ತೆ, ಒಳಗಿನದು ಇನ್ನೂ ಹರಿಯುತ್ತಿರುತ್ತೆ. ಹಿಂದಿನಿಂದ ಒತ್ತಿದಾಗ ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ಉಂಡೆ ಹುಟ್ಟುತ್ತೆ. ಅದರ ಪಕ್ಕ ಮತ್ತೊಂದು. "ಹಂಗಾದ್ರೆ ಇಲ್ಲಿ ನೀರಿತ್ತಾ ಸಾರ್? ದುರ್ಗದಾಗೆ?" ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವ ಮಕ್ಕಳ ಬಾಯಲ್ಲಿ ಆ ಪ್ರಶ್ನೆ ಕೇಳಬೇಕು ನೀವು.

ಈಗ ಮೇಡಂ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ. ಕನ್ನಡದಲ್ಲಿ "ಭೂಗೋಳ" ಅಂತ ಹುಡುಕಿ ನೋಡಿ. ಬರುವುದೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ವಿಡಿಯೋಗಳು. ಭಾರತದ ಅತಿ ಉದ್ದದ ನದಿ ಯಾವುದು, ಅತಿ ಎತ್ತರದ ಜಲಪಾತ ಯಾವುದು, ಒಂದು ಸಾಲಿನ ಪ್ರಶ್ನೆ, ಒಂದು ಪದದ ಉತ್ತರ. ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಪಿಡಿಎಫ್ ಬರುತ್ತವೆ. ಪಾಸಿಂಗ್ ಪ್ಯಾಕೇಜ್, ಘಟಕ ಪರೀಕ್ಷೆ, ಮಾದರಿ ಪ್ರಶ್ನೆಪತ್ರಿಕೆ. ಒಳ್ಳೆಯದನ್ನು ಕೊಟ್ಟವರೂ ಇದ್ದಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಲ್ಲಿ ಮೇಷ್ಟ್ರುಗಳೇ ಕೂತು ಬರೆದ ಪುಟಗಳಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅರ್ಲಿ ಬರ್ಡ್ ತಂಡದವರು ಕನ್ನಡದಲ್ಲೇ ಹಕ್ಕಿಗಳ ಪೋಸ್ಟರ್ ಮಾಡಿದ್ದಾರೆ. ಅದು ನಮ್ಮ ಸ್ಟಾಫ್ ರೂಮಿನ ಗೋಡೆ ಮೇಲಿದೆ. ಆದರೂ ಕಡಿಮೆ. ತುಂಬಾ ಕಡಿಮೆ.

ಆದರೆ ನನ್ನ ತಕರಾರು ಬೇರೆ. ನಾಳೆ ಬೆಳಗ್ಗೆ ಸಾವಿರ ಕನ್ನಡ ವಿಡಿಯೋ ಬಂದರೂ ಅವು ಫ್ಯೂಜಿಯನ್ನೇ ಕನ್ನಡದಲ್ಲಿ ಹೇಳುತ್ತವೆ. ಮರಡಿಹಳ್ಳಿ ಹೇಳುವವರು ಯಾರು? ಶಾಲೆಯಿಂದ ನಡೆದು ಹೋಗಿ ನೋಡಬಹುದಾದ ಗುಡ್ಡ, ಹಳ್ಳ, ಕೆರೆಯ ಬಗ್ಗೆ ಯಾವ ಕಂಪನಿಯೂ ಆ್ಯಪ್ ಮಾಡುವುದಿಲ್ಲ. ಅದು ಆ ಊರಿನ ಮೇಷ್ಟ್ರ ಕೆಲಸ. ಮಜಾ ಏನಂದರೆ ಅದಕ್ಕೆ ಬೇಕಾದ ಸಾಮಾನೆಲ್ಲ ಸರ್ಕಾರದ ಹತ್ತಿರವೇ ಇದೆ, ಅದೂ ಪುಕ್ಕಟೆ. ಇಂಜಿನಿಯರುಗಳಿಗೆ, ತಹಶೀಲ್ದಾರರಿಗೆ ಅಂತ ಮಾಡಿಟ್ಟಿದ್ದಾರೆ. ಶಾಲೆಗೂ ಬೇಕು ಅಂತ ಯಾರಿಗೂ ಹೊಳೆದಿಲ್ಲ.

ಸರ್ವೆ ಆಫ್ ಇಂಡಿಯಾದ ನಕ್ಷೆಯನ್ನೇ ತೊಗೊಳ್ಳಿ. 1767ರಿಂದ ದೇಶ ಅಳೆಯುತ್ತಿರುವ ಇಲಾಖೆ ಅದು. 1:50,000 ಅಳತೆಯ ಟೋಪೋ ಶೀಟುಗಳನ್ನು, ಅಂದರೆ ಗುಡ್ಡ, ಹಳ್ಳ, ಊರು ಎಲ್ಲ ತೋರಿಸುವ ನಕ್ಷೆಗಳನ್ನು, ಈಗ ಆನ್‌ಲೈನಿನಲ್ಲಿ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ನಕ್ಷೆಯ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ನಾನು ನಮ್ಮ ಶೀಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ದುರ್ಗದ ಜೆರಾಕ್ಸ್ ಅಂಗಡಿಗೆ ಹೋದೆ. "ಇಷ್ಟು ದೊಡ್ಡದು ಆಗಲ್ಲ ಸಾರ್, ನಾಲ್ಕು ಎ3 ಹಾಳೆಯಲ್ಲಿ ತೆಗೆದುಕೊಡ್ತೀನಿ" ಅಂದ. ನಾಲ್ಕನ್ನೂ ಗಮ್ ಟೇಪಿನಲ್ಲಿ ಅಂಟಿಸಿ ಕ್ಲಾಸಿನ ನೆಲದ ಮೇಲೆ ಹಾಸಿದೆ.

ನಲವತ್ತು ನಿಮಿಷದ ಪೀರಿಯಡ್, ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಊರಿನ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ಪೆನ್ಸಿಲಿನಲ್ಲಿ ಪಕ್ಕ ಪಕ್ಕ ಕನ್ನಡದಲ್ಲಿ ಬರೆಯಿರಿ ಅಂದೆ. ಅದೇ ಒಂದು ದಿನದ ಕೆಲಸವಾಯಿತು. ಒಬ್ಬಳು ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು. ಅವಳ ಗೊಲ್ಲರಹಟ್ಟಿ ನಕ್ಷೆಯಲ್ಲಿ ಇರಲಿಲ್ಲ. ಹಟ್ಟಿ ಅಲ್ಲಿಗೆ ಬಂದು ಎಷ್ಟು ವರ್ಷ ಆಯಿತು ಅಂತ ಮನೆಯಲ್ಲಿ ಕೇಳಿಕೊಂಡು ಬಾ ಅಂದೆ. ಮಾರನೇ ದಿನ ಅಜ್ಜಿಯಿಂದ ಇಡೀ ಕಥೆ ತಂದಳು. ಹಳೇ ಹಟ್ಟಿ ಎಲ್ಲಿತ್ತು, ಯಾಕೆ ಬಿಟ್ಟರು, ಈಗಿನ ಜಾಗದಲ್ಲಿ ಮೊದಲು ಯಾರು ಗುಡಿಸಲು ಹಾಕಿದರು. ನಕ್ಷೆಗೆ ಅಳತೆ ಮಾಡಿದ ಕಾಲಕ್ಕೆ ಹಟ್ಟಿ ಇನ್ನೊಂದು ಕಡೆ ಇತ್ತು. ತಾನೇ ಕೆಂಪು ಪೆನ್ನಿನಲ್ಲಿ ಚುಕ್ಕಿ ಇಟ್ಟು ಹೆಸರು ಬರೆದಳು. ಸ್ವಲ್ಪ ದೊಡ್ಡ ಅಕ್ಷರದಲ್ಲೇ ಬರೆದಳು, ಪಕ್ಕದ ಊರಿನ ಮೇಲೂ ಹತ್ತಿತು.

ಆಮೇಲೆ ಹಳ್ಳದ ಹಿಂದೆ ಬಿದ್ದೆವು. ಶಾಲೆ ಹಿಂದಿನ ಹಳ್ಳ ನೀಲಿ ಗೆರೆಯಾಗಿ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ನೋಡಿದೆವು. ಅದು ಕೆರೆಗೆ ಬಿತ್ತು, ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ, ಅಲ್ಲಿಂದ ವೇದಾವತಿ ನದಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಮ್ಮ ಮಕ್ಕಳು ಭಾರತದ ನಕ್ಷೆ ಕಣ್ಣು ಮುಚ್ಚಿ ಬರೆಯುತ್ತಾರೆ. ಹಿರಾಕುಡ್ ಎಲ್ಲಿ, 82½ ಡಿಗ್ರಿ ರೇಖಾಂಶ ಎಲ್ಲಿ, ಎಲ್ಲ ಬಾಯಿಪಾಠ. ಮನೆ ಮುಂದಿನ ಹಳ್ಳ ಯಾವ ದಿಕ್ಕಿಗೆ ಹರಿಯುತ್ತೆ ಅಂದರೆ ಅವತ್ತು ಮೂರು ಜನ ಮಾತ್ರ ಸರಿಯಾಗಿ ಹೇಳಿದರು. ಮೂವರೂ ಕುರಿ ಮೇಯಿಸುವವರು.

ವೇದಾವತಿ ಅಂದಮೇಲೆ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ ಅಣೆಕಟ್ಟು ಬಿಡುವಂತಿಲ್ಲ. 1907ರಲ್ಲಿ ಮುಗಿದ ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬೀಳಲು 2022ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು. 89 ವರ್ಷ! ಅವತ್ತು ಅರ್ಧ ಜಿಲ್ಲೆ ಅಲ್ಲಿತ್ತು, ನಮ್ಮ ಮಕ್ಕಳೂ ಅಪ್ಪ ಅಮ್ಮನ ಜೊತೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದಿದ್ದರು. ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯ ಇದೆಯಲ್ಲ, ಅದನ್ನು ಹಿಂದೆ ಮುಂದೆ ಎಳೆದು ತೋರಿಸಿದೆ. ನೀರು ಸುರುಟಿಕೊಂಡು ಮಧ್ಯದಲ್ಲಿ ಮಾತ್ರ ಉಳಿದ ವರ್ಷ, ಕೈಕಾಲು ಚಾಚಿಕೊಂಡ ವರ್ಷ. ಮಳೆ ಒಂದರಿಂದಲೇ ತುಂಬಿತಾ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯಿಂದ ಎತ್ತಿ ಹರಿಸಿದ ನೀರಿನ ಪಾಲೂ ಇತ್ತಾ ಅಂತ ವಾದ ಹತ್ತಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಇಂಥ ಪೀರಿಯಡ್ ವರ್ಷಕ್ಕೆ ಒಂದೆರಡು ಸಿಕ್ಕರೆ ಹೆಚ್ಚು.

ಇನ್ನು ಮಳೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂತ ಇದೆ. 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಶುರುವಾದದ್ದು. ಅವರು ಪಂಚಾಯಿತಿ ಪಂಚಾಯಿತಿಯಲ್ಲೂ ಮಳೆ ಮಾಪಕ ಇಟ್ಟಿದ್ದಾರೆ. ಎಷ್ಟೋ ಜನ ಅದನ್ನು ಮೊಬೈಲ್ ಟವರ್‌ಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದಾರೆ. ನಾವೂ ಒಂದು ಮಾಡಿಕೊಂಡೆವು. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಇಟ್ಟರೆ ಆಲಿಕೆ ಆಯಿತು. ತಳ ಉಬ್ಬು ತಗ್ಗು ಇರುತ್ತೆ, ಅಲ್ಲಿ ಜಲ್ಲಿ ಹಾಕಿ ಒಂದು ಗೆರೆಯ ತನಕ ನೀರು ತುಂಬಿದರೆ ಆ ಗೆರೆಯೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಹವಾಮಾನ ಇಲಾಖೆಯ ಲೆಕ್ಕ ಬೆಳಗ್ಗೆ 8.30ಕ್ಕೆ. ನಮ್ಮ ಮಕ್ಕಳೂ ಅದೇ ಹೊತ್ತಿಗೆ ಓದುತ್ತಾರೆ. 2.5 ಮಿಲಿಮೀಟರ್ ಮುಟ್ಟಿದರೆ ಮಾತ್ರ ಇಲಾಖೆ ಅದನ್ನು "ಮಳೆ ದಿನ" ಅನ್ನುತ್ತೆ ಅಂತ ಒಂದು ಸಲ ಹೇಳಿದ್ದೇ ತಪ್ಪಾಯಿತು. ನಾನು ಕೊಡೆ ಮರೆತು ತೊಯ್ದುಕೊಂಡು ಬಂದ ದಿನ, "ಸಾರ್, 2 ಮಿಲಿಮೀಟರ್ ಅಷ್ಟೇ. ಇವತ್ತು ಮಳೆ ಬಂದಿಲ್ಲ" ಅಂದರು.

ಊರಿನ ಅಜ್ಜ ಒಬ್ಬರನ್ನು ಕ್ಲಾಸಿಗೆ ಕರೆದಿದ್ದೆ. ಅವರು ಮಿಲಿಮೀಟರ್ ಕೇಳಿ, "ಅದೆಲ್ಲ ನಂಗೆ ಗೊತ್ತಿಲ್ಲ ಮೇಷ್ಟ್ರೇ. ಭರಣಿ ಬಂದ್ರೆ ಧರಣಿಯೆಲ್ಲ ಬೆಳೆ. ರೋಹಿಣಿ ಹೊಯ್ದ್ರೆ ಓಣಿಯೆಲ್ಲ ಜೋಳ" ಅಂದರು. ನಕ್ಷತ್ರದ ಮಳೆ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮಕ್ಕಳು ಈಗ ನೋಟ್‌ಬುಕ್ಕಿನಲ್ಲಿ ತಾರೀಕಿನ ಪಕ್ಕ ನಕ್ಷತ್ರವನ್ನೂ ಬರೆಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ, ನಮ್ಮ ಚಳ್ಳಕೆರೆಯಲ್ಲಿ 500ರ ಆಸುಪಾಸು. ಒಂದೇ ರಾಜ್ಯ! ಪಠ್ಯದಲ್ಲಿ ಓದಿದಾಗ ಅದು ಬರೀ ಅಂಕಿ. ಬಾಟಲಿಯಲ್ಲಿ ದಿನಾ ಅಳೆದವರಿಗೆ 7,000 ಅಂದರೆ ತಲೆ ಗಿರ್ ಅನ್ನುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಿಟ್ಟನ್ನೂ ಹೇಳಿಬಿಡುತ್ತೇನೆ. 1991ರಲ್ಲಿ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಕೇಸಿನಲ್ಲಿ ಶಾಲೆ ಕಾಲೇಜುಗಳಲ್ಲಿ ಪರಿಸರ ಪಾಠ ಕಡ್ಡಾಯ ಮಾಡಬೇಕು ಅಂದಿತು. ಕಡ್ಡಾಯವೇನೋ ಆಯಿತು. ಜೂನ್ 5ಕ್ಕೆ ಗಿಡ ನೆಡುತ್ತೇವೆ, ಫೋಟೋ ಕಳಿಸುತ್ತೇವೆ. ಮುಂದಿನ ಜೂನ್ 5ಕ್ಕೆ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ. ಗುಂಡಿ ಮಾತ್ರ ವರ್ಷ ವರ್ಷ ಚೆನ್ನಾಗಿ ಬೆಳೆಯುತ್ತಿದೆ. ಸ್ಮಾರ್ಟ್ ಟಿವಿ ಬರುತ್ತೆ, ಕರೆಂಟ್ ಇರಲ್ಲ. ನನ್ನನ್ನು ಕೇಳಿದರೆ ಪ್ರತಿ ಹೈಸ್ಕೂಲಿಗೂ ಮೂರೇ ಸಾಮಾನು ಕೊಡಿ. ಆ ಹೋಬಳಿಯ ದೊಡ್ಡ ನಕ್ಷೆ, ಕನ್ನಡದಲ್ಲಿ. ಆ ಪಂಚಾಯಿತಿಯ ಇಷ್ಟು ವರ್ಷದ ಮಳೆ ಲೆಕ್ಕ, ಒಂದು ಹಾಳೆಯಲ್ಲಿ. ಅದರ ಜೊತೆ ವರ್ಷಕ್ಕೆ ಎರಡು ಸಲ ಟೆಂಪೋ ಬಾಡಿಗೆ. ಒಂದು ಟಿವಿ ದುಡ್ಡಿನಲ್ಲಿ ಎಷ್ಟೋ ಶಾಲೆಗೆ ಆಗುತ್ತೆ.

ಹಾಗಂತ ಎಲ್ಲ ಪಾಠಕ್ಕೂ ಊರಲ್ಲೇ ಸಾಮಗ್ರಿ ಸಿಗುತ್ತೆ ಅಂತಲ್ಲ. ಹಿಮನದಿಗೆ ನಾನೂ ಯೂಟ್ಯೂಬೇ ಹಾಕುವುದು. ಕೆಲವು ಪಾಠ ಊರಲ್ಲೇ ಇದ್ದರೂ ಮಾಡುವುದು ಕಷ್ಟ. ಹುಲ್ಲುಗಾವಲು ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಸವನ್ನಾ, ಪ್ರೇರಿ, ಪಂಪಾಸ್. ಚಳ್ಳಕೆರೆ ಸುತ್ತಲಿನ ಅಮೃತ್ ಮಹಲ್ ಕಾವಲುಗಳು, ಅಂದರೆ ಅಮೃತ್ ಮಹಲ್ ತಳಿಯ ದನಗಳಿಗೆ ಅಂತ ಬಿಟ್ಟ ಮೇವಿನ ಜಾಗಗಳು, ಯಾಕೆ ಬರಲ್ಲ? ಕೃಷ್ಣಮೃಗ ಓಡಾಡುವ, ತಲೆಮಾರುಗಳಿಂದ ದನ ಕುರಿ ಮೇಯಿಸಿದ ಅಪ್ಪಟ ಹುಲ್ಲುಗಾವಲು. ಅದರಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋದಂಥ ಸಂಸ್ಥೆಗಳಿಗೆ ಹೋಯಿತು, ಕಾಂಪೌಂಡ್ ಬಂತು, ಕೇಸು ನಡೆಯಿತು. ದೇಶಕ್ಕೆ ವಿಜ್ಞಾನವೂ ಬೇಕು, ಕುರಿಗೆ ಹುಲ್ಲೂ ಬೇಕು. ಎರಡೂ ಕಡೆಯ ಮಾತನ್ನು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಇಡುವುದು ಹೇಗೆ ಅಂತ ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ಒಂದು ಸಲ ಪ್ರಯತ್ನ ಮಾಡಿದೆ, ಕ್ಲಾಸು ಎರಡು ಪಾರ್ಟಿ ಆಯಿತು. ಯಾರಾದರೂ ಮಾಡಿದ್ದರೆ ಹೇಳಿ, ನಿಮ್ಮ ಕ್ಲಾಸಿನಲ್ಲಿ ಬಂದು ಕೂರುತ್ತೇನೆ.

ಮೇಡಂಗೆ ಮೊನ್ನೆ ಮತ್ತೆ ಫೋನ್ ಮಾಡಿ ಮರಡಿಹಳ್ಳಿ ವಿಷಯ ಹೇಳಿದೆ. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಶಾಲೆ ಇರುವ ಊರಿನ ಗ್ರಾಮ ನಕಾಶೆ ಸಿಗುತ್ತೆ, ಅದು ಕನ್ನಡದಲ್ಲೇ ಇರುತ್ತೆ, ಅದನ್ನೂ ಇಳಿಸಿಕೊಳ್ಳಿ ಅಂದೆ. ಸರ್ವೆ ನಂಬರ್, ಬಂಡಿದಾರಿ, ಹಳ್ಳ, ಕೆರೆ ಎಲ್ಲ ಇರುತ್ತೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ತಾನಾಗಿ ತೋರಿಸುತ್ತೆ, ಮಕ್ಕಳಿಗೆ ಅದೊಂದು ಆಟ.

ನಿನ್ನೆ ರಾತ್ರಿ ಅವರ ಮೆಸೇಜು ಬಂತು. "ಸಾರ್, ನಕಾಶೆ ಸಿಕ್ತು. ಪಹಣಿ ಜೊತೆ ಹೋಲಿಸ್ತಾ ಇದ್ವಿ. ನಮ್ಮ ಶಾಲೆ ಮೈದಾನದ ಪಕ್ಕದ ನಂಬರಿಗೆ ಹುಲ್ಲುಬನ್ನಿ ಖರಾಬು ಅಂತ ಇದೆ. ಹಂಗಂದ್ರೆ ಏನು? ಮಕ್ಕಳು ಕೇಳ್ತಿದ್ದಾರೆ."

ಹುಲ್ಲು ಮೇಯಲು ಬಿಟ್ಟ ಜಾಗ ಅನ್ನುವಷ್ಟು ಗೊತ್ತಿತ್ತು, ಬರೆದೆ. ಗೋಮಾಳಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ತಕ್ಷಣ ಇನ್ನೊಂದು ಮೆಸೇಜು. ಬೆಳಗ್ಗೆ ನಮ್ಮ ಊರಿನ ಆ ಅಜ್ಜನನ್ನು ಕೇಳಿ ಹೇಳ್ತೀನಿ ಅಂದಿದ್ದೇನೆ.