ಮೂರು ಕಾಲು ಕಳೆದುಕೊಂಡ ನೀರಾನೆ

ನನ್ನ ಮೇಜಿನ ಮೇಲೆ ಒಂದು ನೀಲಿ ನೀರಾನೆ ನಿಂತಿದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬಂದವರೆಲ್ಲ ಎತ್ತಿ ನೋಡಿ "ಎಷ್ಟು ಮುದ್ದಾಗಿದೆ ಅಲ್ವಾ!" ಅನ್ನುತ್ತಾರೆ. ಇದು ನಕಲು. ಅಸಲಿ ಇರುವುದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, 1917ರಿಂದ. ಉದ್ದ 20 ಸೆಂಟಿಮೀಟರ್, ವಯಸ್ಸು ಹತ್ತಿರಹತ್ತಿರ 3,900 ವರ್ಷ.

ಅದರ ಹಳೆಯ ಯಜಮಾನ ಸೆನ್ಬಿ, ಈಜಿಪ್ಟಿನ ಮೆಯಿರ್‌ನಲ್ಲಿ ಮಣ್ಣಾದ ಪಾರುಪತ್ತೆಗಾರ. ಪಾರುಪತ್ತೆಗಾರ ಅಂದ ಮೇಲೆ ಬೇರೆಯವರ ಕಣಜ, ಬೇರೆಯವರ ದನ ಲೆಕ್ಕ ಹಾಕುತ್ತಲೇ ಆಯಸ್ಸು ಸವೆದಿರಬೇಕು. ಆಗ ನೈಲ್ ನದಿಯ ತುಂಬ ನಿಜವಾದ ನೀರಾನೆಗಳು. ದೋಣಿ ಮಗುಚುತ್ತಿದ್ದವು. ರಾತ್ರಿ ದಡ ಹತ್ತಿ ಪೈರು ಮೇಯುತ್ತಿದ್ದವು, ಮೇಯದ್ದನ್ನು ತುಳಿಯುತ್ತಿದ್ದವು. ಬೆಳೆಯ ಲೆಕ್ಕ ಒಪ್ಪಿಸಬೇಕಾದವನಿಗೆ ಅದು ಮುದ್ದಾಗಿ ಕಂಡಿರಲಾರದು.

ಆದರೂ ಗೋರಿಯಲ್ಲಿ ಅವನ ಜೊತೆಗೆ ಅದನ್ನೇ ಇಟ್ಟರು. ವರ್ಷವರ್ಷ ಉಕ್ಕಿ ನೆಲಕ್ಕೆ ಜೀವ ಕೊಡುವ ನದಿಯ ಪ್ರಾಣಿ, ಸತ್ತವನಿಗೂ ಮರುಹುಟ್ಟು ಕೊಟ್ಟೀತು ಎಂಬ ಆಸೆ. ಬೆಣಚುಕಲ್ಲಿನ ಪುಡಿಯಲ್ಲಿ ಮಾಡಿ, ತಾಮ್ರದಿಂದ ನೀಲಿ ಬರಿಸಿ, ಮೈತುಂಬ ತಾವರೆ ಬರೆದು ಸುಟ್ಟರು. ಇಷ್ಟೆಲ್ಲ ಚಂದ ಮಾಡಿ, ಕೊನೆಗೆ ಬೇಕೆಂದೇ ಮೂರು ಕಾಲು ಮುರಿದರು! ಗೋರಿಯ ಕತ್ತಲಲ್ಲಿ ಅದಕ್ಕೆ ಜೀವ ಬಂದು, ಸೆನ್ಬಿಗೇ ಬಾಯಿ ಹಾಕಿಬಿಟ್ಟರೆ? ಉಪಕಾರ ಬೇಕು, ಹತ್ತಿರ ಬರಬಾರದು. ಕೆಲವು ನೆಂಟರ ವಿಷಯದಲ್ಲಿ ನಾವೂ ಹೀಗೇ.

ನಾಲ್ಕನೆಯ ಕಾಲನ್ನು ಯಾಕೆ ಬಿಟ್ಟರೋ. ಒಂಟಿ ಕಾಲಲ್ಲಿ ಎಲ್ಲಿಗೆ ಹೋದೀತು ಅಂತ ಇರಬಹುದು.

ಈಗ ಅದಕ್ಕೆ ಮೂರು ಹೊಸ ಕಾಲು ಕೂಡಿಸಿದ್ದಾರೆ. ವಿಲಿಯಂ ಎಂಬ ಹೆಸರೂ ಬಂದಿದೆ. 1931ರಲ್ಲಿ ಒಬ್ಬರು ಇಂಗ್ಲೆಂಡಿನ 'ಪಂಚ್' ಪತ್ರಿಕೆಯಲ್ಲಿ ಬರೆದರು: ಮನೆಯಲ್ಲಿ ಇದರ ಚಿತ್ರ ತೂಗುಹಾಕಿ ವಿಲಿಯಂ ಅಂತ ಕರೆಯುತ್ತೇವೆ, ಏನೇ ಮಾಡುವುದಿದ್ದರೂ ಅದರ ಮುಖ ನೋಡಿ ತೀರ್ಮಾನಿಸುತ್ತೇವೆ ಅಂತ. ಆ ಹೆಸರೇ ಅಂಟಿಕೊಂಡಿತು. ಸೆನ್ಬಿ ಯಾರ ಮುಖಕ್ಕೆ ಹೆದರಿದನೋ ಅದೇ ಮುಖಕ್ಕೆ ಸಲಹೆ ಕೇಳುವ ಕಾಲ ಬಂತು.

ಮೊನ್ನೆ ಧೂಳು ಒರೆಸುವಾಗ ನನ್ನದು ಕೈಜಾರಿ ಬಿತ್ತು. ಒಂದು ಮುಂಗಾಲು ಕಿತ್ತು ಬಂತು. ಅಂಟು ಹಿಡಿದು ಕೂತೆ. ಕಾಲನ್ನು ಬೆರಳಲ್ಲಿ ಹಿಡಿದುಕೊಂಡು, ಸುಮ್ನೆ ಸ್ವಲ್ಪ ಹೊತ್ತು ಸೆನ್ಬಿಯ ಕಡೆಯಿಂದಲೂ ಯೋಚಿಸಿದೆ. ಆಮೇಲೆ ಅಂಟಿಸಿದೆ. ಸ್ವಲ್ಪ ಸೊಟ್ಟಗೆ. ಓಡಲಾರದಷ್ಟು.