ಯಾರೂ ಎಳೆಯದ ಗೆರೆ

ಬಿಳಿ ಕಾಗದದ ಶಿಲ್ಪವನ್ನು ಫ್ಲಾಶ್ ಹಾಕಿ ಫೋಟೊ ತೆಗೆದರೆ ಅದು ಮತ್ತೆ ಬರೀ ಹಾಳೆಯಾಗಿಬಿಡುತ್ತದೆ. ಮಾತು ಖಾರವಾಯಿತು ಅನಿಸಬಹುದು, ಆದರೂ ಇದನ್ನು ಹೇಳಲೇಬೇಕು. ಅಮೂರ್ತ ಕಾಗದಶಿಲ್ಪದಲ್ಲಿ ಮುಖವಿಲ್ಲ, ಕತೆಯಿಲ್ಲ, ಹೆಚ್ಚಿನ ಸಲ ಬಣ್ಣವೂ ಇಲ್ಲ. ಇರುವುದು ಗೆರೆ ಮಾತ್ರ, ಅದನ್ನೂ ಯಾರೂ ಎಳೆದಿರುವುದಿಲ್ಲ. ಮಡಿಕೆಯ ಒಂದು ಮಗ್ಗುಲು ಬೆಳಕಿಗೆ ಮುಖ ಮಾಡಿರುತ್ತದೆ, ಇನ್ನೊಂದು ಓರೆಯಾಗಿ ತಿರುಗಿರುತ್ತದೆ. ಎರಡು ಬಿಳುಪುಗಳು ಕೂಡುವ ಜಾಗವನ್ನು ಕಣ್ಣು ಗೆರೆ ಎಂದು ಓದುತ್ತದೆ. ಬೆಳಕು ಕ್ಯಾಮೆರಾದ ಪಕ್ಕದಿಂದಲೇ ಬಿದ್ದರೆ ಎರಡೂ ಮಗ್ಗುಲು ಹೆಚ್ಚುಕಮ್ಮಿ ಒಂದೇ ಬಿಳುಪಾಗಿ ಗೆರೆ ಅಳಿಸಿಹೋಗುತ್ತದೆ.

ಹಾಗಾಗಿ ಈ ಕಲೆಗೆ ಕೈ ಹಾಕುವವರು ಮೊದಲು ನೋಡುವುದನ್ನು ಕಲಿಯಬೇಕು, ಮಡಿಸುವುದನ್ನು ಆಮೇಲೆ. ನೂರಾರು ತುಂಡು ಜೋಡಿಸಿದ ಗೋಳದಿಂದ ಶುರುಮಾಡಿದವರಿಗೆ ತಾಳ್ಮೆ ಬರುತ್ತದೆ, ನಿಜ. ಒಂದೇ ಒಂದು ಮಡಿಕೆ ಏನು ಮಾಡುತ್ತದೆ ಎನ್ನುವುದು ಮಾತ್ರ ತಿಳಿಯದೇ ಉಳಿಯುತ್ತದೆ.

ಅದನ್ನು ತಿಳಿಯಲು ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ ಹೆಸರಿನ ಪ್ರಯೋಗವೊಂದಿದೆ. 10 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಬಿಳಿ ಕಾರ್ಡನ್ನು ಉದ್ದಕ್ಕೆ ನಡುವೆ ಮಡಿಸಿ, ಮನೆಯ ಸೂರಿನಂತೆ ಮೇಜಿನ ಮೇಲೆ ಬೋರಲಿಡಿ. ಮಡಿಕೆಯ ಏಣು ನಿಮ್ಮ ಕಡೆಗೆ ತುದಿ ಮಾಡಿರಲಿ, ಬೆಳಕು ಎಡಗಡೆಯಿಂದ ಬರಲಿ. ಅರ್ಧ ಮೀಟರು ದೂರದಲ್ಲಿ ಕೂತು, ತುಸು ಮೇಲಿನಿಂದ, ಒಂದು ಕಣ್ಣು ಮುಚ್ಚಿ ಏಣನ್ನೇ ದಿಟ್ಟಿಸಿ. ಸ್ವಲ್ಪ ಹೊತ್ತಿಗೆ ಸೂರು ತಟ್ಟನೆ ಎದ್ದು, ತೆರೆದ ಪುಸ್ತಕದಂತೆ ನಿಂತುಬಿಡುತ್ತದೆ. ಆಗ ಬಲಗಡೆಯ ಮಗ್ಗುಲನ್ನು ನೋಡಿ. ಈವರೆಗೆ ನೆರಳಿನಲ್ಲಿದ್ದ ಬಿಳಿ ಕಾಗದವಾಗಿ ಕಂಡದ್ದು ಈಗ ಬೂದು ಬಣ್ಣ ಬಳಿದಂತೆ ಮಾಸಲಾಗಿ ಕಾಣುತ್ತದೆ. ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರೆ ಕಾರ್ಡೂ ನಿಮ್ಮ ಜೊತೆ ತಿರುಗುತ್ತದೆ.

ಕಾರ್ಡೂ ಬದಲಾಗಿಲ್ಲ, ಬೆಳಕೂ ಬದಲಾಗಿಲ್ಲ. ಒಂಟಿ ಕಣ್ಣಿಗೆ ಸಿಗುವ ಚಿತ್ರ ಸೂರಿಗೂ ಹೊಂದುತ್ತದೆ, ನಿಂತ ಪುಸ್ತಕಕ್ಕೂ ಹೊಂದುತ್ತದೆ. ಮಿದುಳು ಆಕಾರವನ್ನು ಬದಲಿಸಿದ ಕ್ಷಣ ಹಳೆಯ ನೆರಳಿಗೆ ಹೊಸ ಆಕಾರದಲ್ಲಿ ಕಾರಣ ಸಿಗುವುದಿಲ್ಲ, ಆದ್ದರಿಂದ ಅದನ್ನು ಬಣ್ಣದ ಲೆಕ್ಕಕ್ಕೆ ಹಾಕಿಬಿಡುತ್ತದೆ. ಅಮೂರ್ತ ಕಲೆ ಅರ್ಥವಾಗುವುದಿಲ್ಲ ಎನ್ನುವವರಿಗೆ ಈ ಕಾರ್ಡು ತೋರಿಸಿ. ಅರ್ಥ ಹುಡುಕುವ ಕೆಲಸವೇ ಇಲ್ಲಿಲ್ಲ, ಕಣ್ಣಿನ ಕೆಲಸವೇ ಇಲ್ಲಿ ನೋಡಬೇಕಾದ ಸಂಗತಿ.

ಇದಾದ ಮೇಲೆ ಮಡಿಸೋಣ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1920ರ ದಶಕದಲ್ಲಿ ಯೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳ ಕೈಗೆ ಹಾಳೆ ಕೊಟ್ಟು, ಚೂರೂ ದಂಡವಾಗದಂತೆ ಅದರಿಂದ ಏನಾಗುತ್ತದೆ ನೋಡಿ ಎನ್ನುತ್ತಿದ್ದರು. ಒಂದರೊಳಗೊಂದು ವೃತ್ತಗಳನ್ನು ಮಡಿಸುವ ಮಾದರಿ ಆ ತರಗತಿಗಳಿಂದಲೇ ಬಂದದ್ದು. ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಹಾಳೆ 120ರಿಂದ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಲಿ, ಹೊಳಪಿನ ಲೇಪ ಬೇಡ. ಲೇಪವಿದ್ದರೆ ಮಡಿಕೆಯ ಮೇಲೆ ಬಿರುಕು ಬಿಟ್ಟು, ಎಲ್ಲಿ ಶುದ್ಧ ಗೆರೆ ಬೇಕೋ ಅಲ್ಲೇ ಸಿಪ್ಪೆ ಏಳುತ್ತದೆ. 80 ಜಿಎಸ್‌ಎಂ ಹಾಳೆ ಎರಡು ಮಡಿಕೆಗಳ ನಡುವೆ ನೆಟ್ಟಗೆ ನಿಲ್ಲದೆ ಕುಸಿಯುತ್ತದೆ. ಕೈವಾರದಲ್ಲಿ ಪೆನ್ಸಿಲ್ ಬದಲು ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್ ಕಟ್ಟಿಕೊಳ್ಳಿ. ಮುಳ್ಳು ಊರುವ ಜಾಗಕ್ಕೆ ಎರಡು ಪದರ ಟೇಪು ಅಂಟಿಸಿ, ಇಲ್ಲದಿದ್ದರೆ ಮೂರನೇ ಸುತ್ತಿಗೆ ತೂತು ಅಗಲವಾಗಿ ವೃತ್ತಗಳು ಜಾರುತ್ತವೆ. ಹಾಳೆಯ ಮುಂದುಗಡೆ 4, 6, 8 ಸೆಂ.ಮೀ. ತ್ರಿಜ್ಯದಲ್ಲಿ ಗೀರಿ. ಹಾಳೆ ತಿರುಗಿಸಿ ಅದೇ ತೂತಿನಿಂದ 5, 7, 9 ಗೀರಿ. ಆಮೇಲೆ 10 ಸೆಂ.ಮೀ. ತ್ರಿಜ್ಯಕ್ಕೆ ಹೊರಸುತ್ತನ್ನು ಕತ್ತರಿಸಿ, ಕೊನೆಗೆ 3 ಸೆಂ.ಮೀ. ತ್ರಿಜ್ಯದ ನಡುಭಾಗವನ್ನು ತೆಗೆಯಿರಿ. ನಡುಭಾಗವನ್ನು ಮೊದಲೇ ತೆಗೆದರೆ ಕೈವಾರ ಊರಲು ಜಾಗವೇ ಇರುವುದಿಲ್ಲ!

ತೆಳು ಹಾಳೆಯಲ್ಲಿ ರೀಫಿಲ್ಲಿನ ಗೀರು ಬಿದ್ದ ಕಡೆಗೇ ಮಡಿಸಬೇಕು. 250 ಜಿಎಸ್‌ಎಂ ದಾಟಿದ ಕಾರ್ಡಿಗೆ ಬ್ಲೇಡಿನಿಂದ ಅರ್ಧ ದಪ್ಪಕ್ಕೆ ಗೀರುವಾಗ ಇದು ಉಲ್ಟಾ: ಗೀರಿನಿಂದ ಆಚೆಗೆ ಮಡಿಸಬೇಕು. ಇದನ್ನು ಅದಲುಬದಲು ಮಾಡಿ ಕೆಲಸ ಕೆಡಿಸಿಕೊಳ್ಳುವವರು ಬಹಳ.

ಮಡಿಸುವುದು ಹೊರಗಿನ 9 ಸೆಂ.ಮೀ. ಗೀರಿನಿಂದ ಶುರು. ಹೆಬ್ಬೆರಳು, ತೋರುಬೆರಳಿನ ನಡುವೆ ಎರಡೆರಡು ಸೆಂ.ಮೀ. ಹಿಡಿದು ಒತ್ತುತ್ತಾ ಪೂರ್ತಿ ಸುತ್ತು ಬನ್ನಿ. ಒಮ್ಮೆಗೇ ಪೂರಾ ಮಡಿಸಬೇಡಿ, ಹಾಳೆಗೆ ದಾರಿ ತೋರಿಸಿದರೆ ಸಾಕು. ಆಮೇಲೆ 8, 7, ಹೀಗೆ ಒಳಕ್ಕೆ. ಎರಡನೇ ಸುತ್ತಿನಲ್ಲಿ ಇನ್ನಷ್ಟು ಆಳಕ್ಕೆ ಮಡಿಸಿದಂತೆ ಹಾಳೆ ತಾನೇ ತಿರುಚಿಕೊಳ್ಳತೊಡಗುತ್ತದೆ. ಎದುರುಬದುರಿನ ಎರಡು ಅಂಚು ಮೇಲಕ್ಕೆ, ಉಳಿದೆರಡು ಕೆಳಕ್ಕೆ ಹೋಗಿ, ಕುದುರೆಯ ಜೀನಿನ ಆಕಾರ ಬರುತ್ತದೆ. ಅದನ್ನು ಮಟ್ಟಸ ಮಾಡಲು ಹೋಗಬೇಡಿ.

ಯಾಕೆ ಹೀಗೆ? ಕಾಗದ ಬಾಗುತ್ತದೆ, ಆದರೆ ಹಿಗ್ಗುವುದಿಲ್ಲ. ನಮ್ಮ ಬಳೆಯಾಕಾರದ ಅಗಲ 7 ಸೆಂ.ಮೀ. ಇತ್ತು. ನಿರಿಗೆ ಬಿದ್ದು ಅದು 4ಕ್ಕೆ ಇಳಿಯಿತು ಅನ್ನೋಣ. ಆಗ ಹೊರ ಅಂಚು ನಡುವಿನಿಂದ 7 ಸೆಂ.ಮೀ. ದೂರಕ್ಕೆ ಬಂತು, ಆ ದೂರದ ಸಪಾಟು ವೃತ್ತಕ್ಕೆ 44 ಸೆಂ.ಮೀ. ಸುತ್ತಳತೆ ಸಾಕು. ಆದರೆ ಅಂಚಿನಲ್ಲಿ ಇರುವುದು ಹತ್ತಿರಹತ್ತಿರ 63. ಹೆಚ್ಚಾದ 19 ಸೆಂ.ಮೀ. ಎಲ್ಲಿಗೆ ಹೋಗಬೇಕು? ಮೇಲಕ್ಕೂ ಕೆಳಕ್ಕೂ ಅಲೆಯಾಗಿ ಹೋಗುತ್ತದೆ. ಈ ರೂಪವನ್ನು ಯಾರೂ ಕೊರೆದದ್ದಲ್ಲ, ಜಾಗ ಸಾಲದೆ ಹಾಳೆಯೇ ಕಂಡುಕೊಂಡದ್ದು. ನನಗೆ ಇಡೀ ಕಾಗದಶಿಲ್ಪದಲ್ಲಿ ಅತಿ ಸುಂದರ ಸಂಗತಿ ಇದೇ.

ಕೆಡುವುದು ಸಾಮಾನ್ಯವಾಗಿ ಒಂದೇ ಬಗೆಯಲ್ಲಿ. ಒಂದು ಕಡೆ ಪೂರ್ತಿ ಮಡಿಸಿ ಪಕ್ಕದ್ದನ್ನು ಹಾಗೇ ಬಿಟ್ಟರೆ ಎರಡು ಮಡಿಕೆಗಳ ನಡುವೆ ಉಗುರಿನಷ್ಟು ತ್ರಿಕೋನದ ನೆಗ್ಗು ಬೀಳುತ್ತದೆ. ಅಲ್ಲಿ ನಾರು ಮುರಿದಿರುತ್ತದೆ, ಉಜ್ಜಿದರೂ ಒದ್ದೆ ಮಾಡಿದರೂ ಹೋಗುವುದಿಲ್ಲ. ಎದುರುಬದುರು ಎರಡು ಜಾಗದಲ್ಲಿ ಮಾತ್ರ ಮಡಿಕೆ ಮೊಂಡು ಹಿಡಿದರೆ ಅದು ನಾರಿನ ದಿಕ್ಕಿನ ತಂಟೆ, ಕೈಯ ತಪ್ಪಲ್ಲ. ನಾರಿನಗುಂಟ ಮಡಿಕೆ ಸಲೀಸು, ಅಡ್ಡಕ್ಕೆ ಬಿಗಿ. ವೃತ್ತದಲ್ಲಿ ಎರಡೂ ಬಂದೇ ಬರುತ್ತದೆ, ಆದ್ದರಿಂದ ಬಿಗಿಯಾದ ಕಡೆ ಒಂದು ಸುತ್ತು ಹೆಚ್ಚು ಒತ್ತಿ. ದಿಕ್ಕು ತಿಳಿಯಲು ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಒಟ್ಟಿಗೆ ತುದಿ ಹಿಡಿಯಿರಿ. ಕಡಿಮೆ ಜೋತುಬೀಳುವ ಪಟ್ಟಿಯಲ್ಲಿ ನಾರು ಉದ್ದಕ್ಕಿದೆ.

ವೃತ್ತದ ಬದಲು ಚೌಕಗಳನ್ನು ಮಡಿಸುವ ಮಾದರಿಯೂ ಜನಪ್ರಿಯ. ಅದರಲ್ಲೂ ಜೀನಿನಾಕಾರ ಬರುತ್ತದೆ. ಆದರೆ ಕಂಪ್ಯೂಟರ್ ವಿಜ್ಞಾನಿ ಎರಿಕ್ ಡಿಮೇನ್ ಮತ್ತು ಸಂಗಡಿಗರು ಗಣಿತದಿಂದ ತೋರಿಸಿದ ಪ್ರಕಾರ, ಆ ಮಡಿಕೆಗಳಷ್ಟರಿಂದಲೇ ಅದು ಸಾಧ್ಯವೇ ಇಲ್ಲ. ನೇರ ಮಡಿಕೆಗಳ ನಡುವಿನ ಪಟ್ಟಿ ತಿರುಚಲು ಒಪ್ಪುವುದಿಲ್ಲ, ನಿಜವಾದ ಕಾಗದ ಸಣ್ಣಸಣ್ಣ ಸುಕ್ಕುಗಳನ್ನು ಸೇರಿಸಿಕೊಂಡು ಹೇಗೋ ಸಂಭಾಳಿಸುತ್ತದೆ. ಕೆಳಗಿನಿಂದ ಬೆಳಕು ಸವರಿದರೆ ಆ ಸುಕ್ಕು ಕಾಣುತ್ತದೆ. ಬಾಗುಗೆರೆಯ ಮಡಿಕೆಯನ್ನು ಆಳವಾಗಿ ಅಧ್ಯಯನ ಮಾಡಿದ ಡೇವಿಡ್ ಹಫ್‌ಮನ್ ಕಂಪ್ಯೂಟರ್ ಲೋಕದಲ್ಲಿ ಮಾಹಿತಿಯನ್ನು ಕಿರಿದುಗೊಳಿಸುವ 1952ರ ಹಫ್‌ಮನ್ ಕೋಡ್‌ನಿಂದ ಹೆಸರಾದವರು. ಗಣಿತದವರು ಇಲ್ಲಿಗೆ ಬಂದು ನೆಲೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಪೆನ್ಸಿಲ್ ಗುರುತು ಮಾತ್ರ ದಯವಿಟ್ಟು ಬೇಡ. ರಬ್ಬರಿನಿಂದ ಉಜ್ಜಿದ ಜಾಗದ ಹೊಳಪೇ ಬೇರೆಯಾಗಿ, ಓರೆ ಬೆಳಕಿನಲ್ಲಿ ಮಚ್ಚೆಯಂತೆ ಎದ್ದು ಕಾಣುತ್ತದೆ. ಗುರುತು ಬೇಕಿದ್ದರೆ ಹಿಂದುಗಡೆ ಸೂಜಿಯಿಂದ ಮೆಲ್ಲಗೆ ಚುಚ್ಚಿ. ಬಿಳಿ ಅಂಟೂ ಹಾಗೆಯೇ. ಅದರ ನೀರಿಗೆ ನಾರು ಉಬ್ಬಿ, ಒಣಗುವಾಗ ಕುಗ್ಗಿ, ಹಾಳೆ ಸೊಟ್ಟಗಾಗುತ್ತದೆ. ಜೋಡಿಸಲೇಬೇಕಾದಲ್ಲಿ ಎರಡೂ ಕಡೆ ಅಂಟುವ ಟೇಪು ವಾಸಿ.

ಇನ್ನು ಬೆಳಕು. ಒಂದೇ ದೀಪ, ಚಿಕ್ಕದು, ಮುಸುಕಿಲ್ಲದ್ದು, ಒಂದು ಪಕ್ಕದಿಂದ. 1 ಸೆಂ.ಮೀ. ಎತ್ತರದ ಮಡಿಕೆಗೆ 45 ಡಿಗ್ರಿಯ ಬೆಳಕು 1 ಸೆಂ.ಮೀ. ನೆರಳು ಕೊಡುತ್ತದೆ, 20 ಡಿಗ್ರಿಗೆ ಇಳಿಸಿದರೆ ಸುಮಾರು 2.7 ಸೆಂ.ಮೀ. ಮಡಿಕೆಗಳು ಒತ್ತೊತ್ತಾಗಿದ್ದರೆ ಅಷ್ಟು ಉದ್ದದ ನೆರಳು ಪಕ್ಕದ ಮಡಿಕೆಯನ್ನೇ ನುಂಗುತ್ತದೆ, ಆದ್ದರಿಂದ ದೀಪವನ್ನು ಮೇಲೇರಿಸಿ. ಬಿಡಿಬಿಡಿಯಾಗಿದ್ದರೆ ಇಳಿಸಿ. ಉದ್ದನೆಯ ಟ್ಯೂಬ್‌ಲೈಟ್ ನೆರಳಂಚನ್ನು ಮಬ್ಬು ಮಾಡುತ್ತದೆ. ಪಕ್ಕದಲ್ಲಿ ಬಣ್ಣದ ಗೋಡೆಯಿದ್ದರೆ ಬಿಳಿ ಹಾಳೆ ಆ ಬಣ್ಣವನ್ನು ಹೀರಿಕೊಂಡಂತೆ ಕಾಣುತ್ತದೆ, ಕೆಲವರಿಗೆ ಅದು ಇಷ್ಟ, ನನಗಲ್ಲ.

ಗೋಡೆಗೆ ತೂಗುವ ಉಬ್ಬುಶಿಲ್ಪಕ್ಕೆ ಬೆಳಕು ಮೇಲಿನಿಂದ ಬೀಳಬೇಕೋ ಕೆಳಗಿನಿಂದಲೋ ಎನ್ನುವುದನ್ನು ಶಿಲ್ಪ ಮಾಡುವಾಗಲೇ ತೀರ್ಮಾನಿಸಿ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ನೆರಳಿನಿಂದ ಆಕಾರ ಗ್ರಹಿಸುವ ಬಗ್ಗೆ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿದವು. ದೂರದಿಂದ ನೋಡುವವರಿಗೆ ಕೆಳಗಿನ ದೀಪದಲ್ಲಿ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ, ಎರಡು ಹೆಜ್ಜೆ ಹತ್ತಿರ ಬಂದಾಗ ಫಕ್ಕನೆ ಸರಿಹೋಗುತ್ತದೆ. ಗೊತ್ತಿಲ್ಲದೆ ಆದರೆ ಅದು ಕೆಡುಕು. ಬೇಕೆಂದೇ ಮಾಡುವುದಾದರೆ ಮಡಿಕೆಯ ಎತ್ತರ ಕಡಿಮೆ ಇಡಿ, ಅರ್ಧ ಸೆಂ.ಮೀ. ಒಳಗೆ, ಹಾಗೂ ಹಾಳೆಯ ಅಂಚು ಕಾಣದಂತೆ ಚೌಕಟ್ಟಿನಲ್ಲಿ ಮುಚ್ಚಿ. ಅಂಚು ಕಂಡರೆ ಕಣ್ಣಿಗೆ ಗುಟ್ಟು ತಿಳಿದುಬಿಡುತ್ತದೆ.